ಕಂಬಳಿ ಹೊತ್ತು ಬ್ಯಾಟರಿ ನೋಡಲು ಹೋದದ್ದು

ನಮ್ಮ ಹಟ್ಟಿ

ಯುರೋಪಿಗೆ ಹೋಗುವವರು ಚಳಿಗೆಂದು ದಪ್ಪ ಜಾಕೆಟ್ಟು ಒಯ್ಯುತ್ತಾರಂತೆ. ನಾನು ಒಯ್ದದ್ದು ಒಂದು ಕರಿ ಕಂಬಳಿ. ಅದೂ ಹೊದೆಯುವುದಕ್ಕಲ್ಲ, ಕೂರುವುದಕ್ಕೆ.

ಬಳ್ಳಾರಿ ರಸ್ತೆಯ ಒಂದು ವಿದ್ಯುತ್ ಸಬ್‌ಸ್ಟೇಷನ್ನಿನಲ್ಲಿ ಆಪರೇಟರಾಗಿದ್ದು ನಿವೃತ್ತನಾದವನು ನಾನು. ರಾಂಪುರದಿಂದ ಒಂದು ಬೀಡಿ ಸೇದುವಷ್ಟು ದೂರದ ಕುರಿಗಾರರ ಹಟ್ಟಿಯಲ್ಲಿ ಹುಟ್ಟಿದೆ, ಈಗ ಅಲ್ಲೇ ಮನೆ ಮಾಡಿಕೊಂಡಿದ್ದೇನೆ. ಹಟ್ಟಿಯಲ್ಲಿ ಎಲ್ಲರಿಗೂ ಕುರಿ ಗೊತ್ತು, ನನಗೊಬ್ಬನಿಗೆ ಕರೆಂಟು ಗೊತ್ತು. ಈ ಒಂದು ಹೆಚ್ಚುಗಾರಿಕೆಯ ಮೇಲೆ ಮೂವತ್ತು ವರ್ಷ ಮೀಸೆ ತಿರುವಿದ್ದೇನೆ.

ಹಟ್ಟಿಯ ಮುಂದೆ ಕೆಂಗಟ್ಟೆ ಬಯಲು. ಬಯಲಿನ ನಡುವೆ ಕೆಂಗಟ್ಟೆ, ಅಂದರೆ ಮಳೆ ನೀರು ನಿಲ್ಲುವ ಕೆಂಪು ಮಣ್ಣಿನ ಕಟ್ಟೆ. ಸುತ್ತಲಿನ ಕುರಿಗಳೆಲ್ಲ ಅಲ್ಲೇ ನೀರು ಕುಡಿಯಬೇಕು. ಆ ಬಯಲಿನಲ್ಲಿ ಒಂದು ಕಂಪನಿ ಬ್ಯಾಟರಿ ಯಾರ್ಡು ಮಾಡಲು ಹೊರಟಿತ್ತು. ಹಗಲು ಬಿಸಿಲಿನಲ್ಲಿ ಹುಟ್ಟಿದ ಕರೆಂಟನ್ನು ಡಬ್ಬಿಗೆ ತುಂಬಿಟ್ಟು ಸಂಜೆ ಬಿಡುವ ಕೆಲಸ. ಬ್ಯಾಟರಿ ಮೇಲೆ ನನಗೆ ಸಿಟ್ಟಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಗುಡ್ಡಕ್ಕೊಂದು ಗಾಳಿ ಗಿರಣಿ ಎದ್ದಿದೆ, ಹೊಲಕ್ಕೊಂದು ಸೋಲಾರ್ ಹಲಗೆ ಬಿದ್ದಿದೆ. ಹುಟ್ಟಿದ್ದನ್ನು ಕೂಡಿಡದಿದ್ದರೆ ಕರೆದ ಹಾಲನ್ನು ಚೆಲ್ಲಿದಂತೆ.

ಜಾಗ ತೋರಿಸಿದವನು ನಾನೇ. ಮಾರ್ಚಿನಲ್ಲಿ ಕಂಪನಿಯ ಜೀಪು ಬಂತು, ಒಳ್ಳೆ ಜಾಗ ಇದೆಯೇ ಎಂದು ಕೇಳಿದರು, ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿದರು. ಕೆಂಗಟ್ಟೆಗೆ ಕರೆದುಕೊಂಡು ಹೋಗಿ ಕೈ ಚಾಚಿದೆ. "ಖಾಲಿ ಬಿದ್ದೈತೆ ಸಾರ್. ಒಂದು ನರಪಿಳ್ಳೆ ಇಲ್ಲ." ಆಗ ನಿಜವಾಗಿಯೂ ಇರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಹಟ್ಟಿಯವರು ಕುರಿ ಹೊಡೆದುಕೊಂಡು ತುಂಗಭದ್ರೆಯ ನೀರಾವರಿ ಕಡೆ ಹೋಗುತ್ತಾರೆ, ಮುಂಗಾರು ಬಿದ್ದ ಮೇಲೆ ವಾಪಸ್ಸು. ಕಟ್ಟೆಯ ತಳವೂ ಬಿರುಕು ಬಿಟ್ಟಿತ್ತು. ಜೂನಿನಲ್ಲಿ ಅವರು ಬಂದು ನೋಡಿದರೆ ಕಟ್ಟೆಯ ಸುತ್ತ ಬಣ್ಣ ಬಳಿದ ಅಳತೆ ಕಲ್ಲುಗಳು. ಯಾರು ತೋರಿಸಿದ್ದು ಎಂದು ಯಾರೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ, ಕೇಳಲಿಲ್ಲ, ಹೇಳಲಿಲ್ಲ.

ಗಲಾಟೆಯಾಯಿತು. ಕಂಪನಿಯವರು ಬಣ್ಣದ ಪುಸ್ತಕ ಹಂಚಿದರು. ಅದರಲ್ಲಿ ಸಾಲು ಸಾಲು ಬಿಳಿ ಬ್ಯಾಟರಿ ಡಬ್ಬಿಗಳು, ಅವುಗಳ ನಡುವೆ ಹಸಿರು ಹುಲ್ಲು, ಹುಲ್ಲು ಮೇಯುವ ಬಿಳಿ ಕುರಿಗಳು. ಯುರೋಪಿನಲ್ಲಿ ಹೀಗೇ ಇದೆ, ನೀವು ನಂಬುವ ಒಬ್ಬರನ್ನು ಕಳಿಸಿ, ತೋರಿಸುತ್ತೇವೆ ಎಂದರು. ನನ್ನ ದೊಡ್ಡಪ್ಪನ ಮಗಳು ಓಬಕ್ಕ ಹಟ್ಟಿಗೆ ಹಿರಿಯಳು. ಅವಳು ಆ ಚಿತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಒಂದೇ ಮಾತು ಕೇಳಿದಳು.

"ಹುಲ್ಲೇನೋ ಐತೆ. ಈ ಕುರಿ ನೀರು ಎಲ್ಲಿ ಕುಡೀತವೆ?"

ಕಂಪನಿಯವರು ಪುಸ್ತಕದ ಹಾಳೆ ಮಗುಚತೊಡಗಿದರು. ಓಬಕ್ಕ ನನ್ನ ಕಡೆ ತಿರುಗಿದಳು. "ತಿಪ್ಪಣ್ಣ ನಮ್ಮೋನು. ಕರೆಂಟ್ ಓದ್ಕಂಡೋನು. ಅವ್ನು ನೋಡ್ಕಂಡು ಬರ್ಲಿ, ಕಂಬ್ಳಿ ಮ್ಯಾಲೆ ಕುಂತು ಹೇಳ್ಲಿ. ಅವ್ನು ಹೂಂ ಅಂದ್ರೆ ನಮ್ದೂ ಹೂಂ."

ನಮ್ಮಲ್ಲಿ ನ್ಯಾಯ ಹೇಳುವಾಗ ಕಂಬಳಿ ಮಡಿಸಿ ಹಾಸುತ್ತಾರೆ. ಅದರ ಮೇಲೆ ಕೂತವನು ಸುಳ್ಳು ಹೇಳಬಾರದು, ಹಿರಿಯರು ಏಳು ಎನ್ನುವ ತನಕ ಏಳಬಾರದು. ಓಬಕ್ಕ ತನ್ನ ಪೆಟ್ಟಿಗೆಯಿಂದ ಹೊಸ ಕಂಬಳಿ ತೆಗೆದು ನನ್ನ ಹೆಗಲಿಗೆ ಹಾಕಿದಳು. ಅಲ್ಲಿ ಇದರ ಮೇಲೆ ಕೂತು ನೋಡು, ಇಲ್ಲಿ ಇದರ ಮೇಲೆ ಕೂತು ಹೇಳು ಎಂದಳು. ಮಗಳ ಬಾಣಂತನಕ್ಕೆಂದು ನನ್ನ ಹೆಂಡತಿ ಚಳ್ಳಕೆರೆಯಲ್ಲಿದ್ದಳು. ದಸರಾ ಕಳೆದ ಮೇಲೆ ಮನೆಗೆ ಬೀಗ ಹಾಕಿ ಹೊರಟೆ.

ಫ್ರಾಂಕ್‌ಫರ್ಟ್

ಜೊತೆಗಿದ್ದವರು ಇಬ್ಬರು. ಒಬ್ಬ ಕಂಪನಿಯ ಪ್ರಣವ್, ಬೆಂಗಳೂರಿನವನು, ಹಲ್ಲು ಮೂವತ್ತೆರಡೂ ಸದಾ ಹೊರಗೆ. ಯುರೋಪಿನ ಉದ್ದಗಲಕ್ಕೂ ಎಲ್ಲೆಲ್ಲಿ ಬ್ಯಾಟರಿ ಯಾರ್ಡು ಏಳುತ್ತಿದೆ ಎಂದು ಜಾಡು ಹಿಡಿಯುವುದು ಅವನ ಉದ್ಯೋಗ. ಜಾಗ ಗೊತ್ತು ಮಾಡಿದ್ದರೆ, ಕಟ್ಟುತ್ತಿದ್ದರೆ ನಕ್ಷೆಯಲ್ಲಿ ಹಳದಿ ಚುಕ್ಕಿ, ಕಟ್ಟಿ ಮುಗಿದರೆ ಹಸಿರು. ಅವನ ಟ್ಯಾಬ್ಲೆಟ್ಟಿನಲ್ಲಿ ಆ ಖಂಡ ಅಮ್ಮ ಎದ್ದ ಮಗುವಿನ ಮೈಯಂತಿತ್ತು. "ಹೋದ ವರ್ಷ ಇಲ್ಲೆಲ್ಲ ಏನೂ ಇರ್ಲಿಲ್ಲ ಸರ್!" ಎಂದು ತಾನೇ ಹೆತ್ತವನ ಹಾಗೆ ಸಂಭ್ರಮಿಸುತ್ತಿದ್ದ. ಇನ್ನೊಬ್ಬರು ಚಳ್ಳಕೆರೆಯ ಎಣ್ಣೆ ಮಿಲ್ಲಿನ ಸತ್ಯಣ್ಣ. ಯಾರ್ಡಿಗೆ ಮಣ್ಣು ಹೊಡೆಸುವ ಕೆಲಸ ತಮಗೆ ಸಿಗಲಿ ಎಂದು ಬಂದಿದ್ದರು, ಮುಚ್ಚಿಟ್ಟುಕೊಳ್ಳುವ ಅಭ್ಯಾಸ ಇರಲಿಲ್ಲ. ಚೀಲದ ತುಂಬ ಶೇಂಗಾ ಚಟ್ನಿಪುಡಿ.

ವಿಮಾನ ನಿಲ್ದಾಣದಲ್ಲಿ ಒಂದು ನಾಯಿ ಎಲ್ಲರ ಸಾಮಾನು ಮೂಸುತ್ತ ಬಂದು ನನ್ನ ಕಂಬಳಿಯ ಮುಂದೆ ಕೂತುಬಿಟ್ಟಿತು. ಕದಲಲೊಲ್ಲದು. ಪೊಲೀಸಮ್ಮ ಒಬ್ಬಳು ಬಂದು ಕಂಬಳಿ ಕೊಡವಿದಳು, ಬಿಳಿ ಹಿಟ್ಟು ಉದುರಿತು. ಅವಳ ಮುಖ ಗಂಭೀರವಾಯಿತು. ನಮ್ಮಲ್ಲಿ ನೇಯುವಾಗ ನೂಲಿಗೆ ಹುಣಸೆ ಬೀಜದ ಗಂಜಿ ತಿನ್ನಿಸುತ್ತಾರೆ, ಹೊಸ ಕಂಬಳಿ ಕೊಡವಿದರೆ ಒಣಗಂಜಿ ಉದುರುತ್ತದೆ. ಇದನ್ನು ಪ್ರಣವ್ ಇಂಗ್ಲಿಷಿನಲ್ಲಿ ಹೇಗೆ ಹೇಳಿದನೋ ಏನೋ, ಇನ್ನೂ ಮೂವರು ಪೊಲೀಸರು ಬಂದರು.

"ಏಮಯ್ಯಾ ತಿಪ್ಪಣ್ಣ, ಬ್ಯಾಟರಿ ನೋಡೋಕಿಂತ ಮುಂಚೆ ಜೈಲು ನೋಡಿಸ್ತೀಯೇನಯ್ಯಾ!" ಎಂದು ಸತ್ಯಣ್ಣ ತಲೆ ಚಚ್ಚಿಕೊಂಡರು.

ಗಾಜಿನ ಕೊಳವೆಯಲ್ಲಿ ಹಿಟ್ಟು ಹಾಕಿ, ಅಲ್ಲಾಡಿಸಿ, ಕಾಗದಕ್ಕೆ ಹಚ್ಚಿ, ಕೊನೆಗೆ ಅದು ಗಂಜಿ ಎಂದು ಅವರಿಗೂ ಖಾತ್ರಿಯಾಯಿತು. ನಾಯಿ ಮಾತ್ರ ಏಳಲಿಲ್ಲ. ಅದಕ್ಕೆ ಬೇಕಾಗಿದ್ದದ್ದು ಗಂಜಿಯಲ್ಲ, ಕುರಿ ವಾಸನೆ. ಇಷ್ಟು ಓದಿಸಿದ ನಾಯಿಗೂ ತಿಳಿಯುವುದು ಕೊನೆಗೆ ಕುರಿಯೇ ಎಂದು ನನಗೆ ಬಹಳ ಸಮಾಧಾನವಾಯಿತು.

ಜರ್ಮನಿಯ ಒಂದು ಹಳ್ಳಿ

ಆ ಜನರ ಶಿಸ್ತು ನೋಡಿ ಮೊದಮೊದಲು ನಗು ಬಂತು. ಬೆಳಗಿನ ಹೊತ್ತು, ರಸ್ತೆ ಬರಿದು, ಕಣ್ಣು ಹಾಯುವಷ್ಟು ದೂರ ಒಂದು ಸೈಕಲ್ಲೂ ಇಲ್ಲ. ಆದರೂ ಕೆಂಪು ದೀಪ ಇದೆ ಎಂದು ಒಬ್ಬಳು ಮುದುಕಿ ಕೈಚೀಲ ಹಿಡಿದು ನಿಂತೇ ಇದ್ದಳು. ನಾನು ದಾಟಿದೆ. ನಾನು ಅವಳ ಅಂಗಳಕ್ಕೆ ಎಮ್ಮೆ ನುಗ್ಗಿಸಿದೆನೋ ಎಂಬಂತೆ ನೋಡಿದಳು. ಚಳ್ಳಕೆರೆಯ ಸರ್ಕಲ್ಲಿನಲ್ಲಿ ಪ್ರೈವೇಟ್ ಬಸ್ಸು, ಆಟೋ, ಎತ್ತಿನ ಗಾಡಿ ಮೂರೂ ಒಟ್ಟಿಗೆ ನುಗ್ಗುವಾಗ ಅವಳನ್ನು ಒಂದು ಗಳಿಗೆ ನಿಲ್ಲಿಸಬೇಕು ಅನ್ನಿಸಿತು. ಬರಿದಾಗಿ ಕಂಡ ಮಾತ್ರಕ್ಕೆ ನುಗ್ಗಬಾರದು ಎನ್ನುವುದು ಅವಳ ಲೆಕ್ಕ. ನನಗೆ ಆಗ ಅದು ಪೆದ್ದುತನವಾಗಿ ಕಂಡಿತು.

ಯಾರ್ಡು ಹಳ್ಳಿಯ ಆಚೆ. ಚಕ್ರ ಕಳಚಿಟ್ಟ ಲಾರಿಗಳ ಹಾಗೆ ಬಿಳಿ ಡಬ್ಬಿಗಳ ಸಾಲು, ಸುತ್ತ ಎರಡಾಳೆತ್ತರದ ಬೇಲಿ, ಒಳಗೆ ಫ್ಯಾನುಗಳ ಗುಂಯ್‌ಗುಟ್ಟುವಿಕೆ. ನಾನು ಹಳೇ ಅಭ್ಯಾಸದಂತೆ ಲಾಗ್‌ಬುಕ್ಕು ತೆಗೆದೆ. ಆಪರೇಟರನಿಗೆ ಗಂಟೆಗೊಮ್ಮೆ ಮೀಟರು ನೋಡಿ ಬರೆಯುವ ಕೆಲಸ. ನೋಡದೆ ಕೂತಲ್ಲೇ ಇಡೀ ದಿನದ ಅಂಕಿ ಒಮ್ಮೆಗೇ ತುಂಬಿಬಿಡುವ ಭೂಪರೂ ಇರುತ್ತಾರೆ. ಅಂಥ ಎಷ್ಟೋ ಹುಡುಗರಿಗೆ ನಾನು ಉಗಿದಿದ್ದೇನೆ. ನೋಡಿ ಬರಿ, ಬರೆದು ನೋಡಬೇಡ ಎಂದು.

ಅಲ್ಲಿನ ಎಂಜಿನಿಯರಮ್ಮ ಬಹಳ ಹೆಮ್ಮೆಯಿಂದ ನೆಲ ತೋರಿಸಿದಳು. ಜಲ್ಲಿ ಕಲ್ಲು. ನಾನು ಮಂಡಿಯೂರಿ ಹುಡುಕಿದೆ, ಒಂದು ಗರಿಕೆ ಎಸಳು ಇಲ್ಲ. ಒಣಹುಲ್ಲು ಬೆಂಕಿಗೆ ದಾರಿ, ಒಂದು ಎಸಳು ಹುಟ್ಟಲೂ ಬಿಡುವುದಿಲ್ಲ ಎಂದಳು. ಒಳ್ಳೆಯ ಕೆಲಸಗಾರ್ತಿ, ಹೇಳಿದ್ದು ಸರಿಯಾದ ಮಾತೇ.

"ಹಂಗಾರೆ ಪುಸ್ತಕದಾಗೆ ಕುರಿ ಏನು ತಿಂತಿದ್ವು, ಜಲ್ಲಿಯಾ?" ಎಂದು ಪ್ರಣವನನ್ನು ಕೇಳಿದೆ.

"ಅದು ಬೇರೆ ಸೈಟು ಸರ್. ತೋರಿಸ್ತೀನಿ."

ಲಾಗ್‌ಬುಕ್ಕಿನಲ್ಲಿ ಬರೆದೆ. ಹುಲ್ಲು: ಇಲ್ಲ. ನೀರು: ಇಲ್ಲ. ಜನ: ಇಲ್ಲ. ಸದ್ದು: ಐತೆ.

ಅವತ್ತು ಊಟದ ಹೊತ್ತಿಗೆ ಪ್ರಣವನ ಟ್ಯಾಬ್ಲೆಟ್ಟು ಮೇಜಿನ ಮೇಲೆ ತೆರೆದಿತ್ತು. ನಮ್ಮ ಪ್ರವಾಸದ ವರದಿ. ಕೊನೆಯ ದಿನದ ತನಕ ಬರೆದು ಮುಗಿದಿತ್ತು! ನಾನಿನ್ನೂ ನೋಡದ ಊರುಗಳಲ್ಲಿ ನಾನು ಸಂತೋಷಪಟ್ಟಿದ್ದೆ, ಕುರಿಗಾರರ ಪ್ರತಿನಿಧಿಯಾಗಿ ತೃಪ್ತಿ ವ್ಯಕ್ತಪಡಿಸಿದ್ದೆ. ಕೂಸು ಹುಟ್ಟುವ ಮುಂಚೆ ಕುಲಾವಿ. "ಟೆಂಪ್ಲೇಟು ಸರ್, ಆಮೇಲೆ ತಿದ್ಬಹುದು" ಎಂದ. ಥೂ ನಿನ್ನ, ಎಂದು ಬಾಯಿಗೆ ಬಂದದ್ದನ್ನು ಆಲೂಗಡ್ಡೆಯ ಜೊತೆ ನುಂಗಿದೆ. ಆ ಆಲೂಗಡ್ಡೆಗೆ ಉಪ್ಪೂ ಇರಲಿಲ್ಲ. ಸತ್ಯಣ್ಣ ಚಟ್ನಿಪುಡಿ ಉದುರಿಸಿ ಕಾಪಾಡಿದರು.

ಬೆಲ್ಜಿಯಂ

ಇಲ್ಲಿ ಕುರಿ ಇದ್ದವು. ಎಂಟು. ಮಳೆಯಲ್ಲಿ ನೆನೆದು ಸೋಲಾರ್ ಹಲಗೆಗಳ ಅಡಿಯಲ್ಲಿ ನಿಂತಿದ್ದವು. ಬಾಡಿಗೆಗೆ ತಂದ ನೆಂಟರ ಹಾಗೆ ಮುಖ ಮಾಡಿಕೊಂಡಿದ್ದವು. ಬ್ಯಾಟರಿ ಎಲ್ಲಿ ಎಂದೆ. ಬ್ಯಾಟರಿ ಇನ್ನೂ ಹತ್ತು ಮೈಲಿ ಆಚೆ, ಬಂದರಿನ ಹತ್ತಿರ, ಎಂದ ಪ್ರಣವ್. ಅಲ್ಲಿಗೂ ಹೋದೆವು. ಅಲ್ಲಿ ಬ್ಯಾಟರಿ ಇತ್ತು, ಜಲ್ಲಿ ಇತ್ತು, ಕುರಿ ಇರಲಿಲ್ಲ.

"ಎರಡೂ ಒಟ್ಗೆ ಇರೋ ಜಾಗ ತೋರ್ಸಪ್ಪ" ಎಂದೆ.

ಪ್ರಣವ್ ಮೊದಲ ಸಲ ಹಲ್ಲು ಮುಚ್ಚಿದ. "ಆ್ಯಕ್ಚುಲಿ ಸರ್... ಆ ಫೋಟೋ ಕಂಪ್ಯೂಟರಲ್ಲಿ ಮಾಡಿದ್ದು. ಒಂದು ಕಲ್ಪನೆ ಅಷ್ಟೆ."

ಸತ್ಯಣ್ಣ ಕೊಡೆಯಡಿಯಿಂದ ತೀರ್ಪು ಕೊಟ್ಟರು. "ಕುರಿ ಐತೆ, ಬ್ಯಾಟರಿ ಐತೆ, ಎರಡೂ ಒಂದೇ ದೇಶದಾಗೆ ಐತೆ. ಇನ್ನೇನ್ ಬೇಕಯ್ಯಾ ನಿಂಗೆ? ಬಿಲ್ಕುಲ್ ಸರಿ ಐತೆ ಅಂತ ಹೇಳಿ ಕೈ ತೊಳ್ಕೊ."

ಇವರ ಯೋಗ್ಯತೆಗಿಷ್ಟು ಎಂದುಕೊಂಡೆ. ಒಬ್ಬನಿಗೆ ಚುಕ್ಕಿ ಬೇಕು, ಒಬ್ಬನಿಗೆ ಮಣ್ಣು ಬೇಕು. ನೋಡದೆ ಬರೆಯುವವರು, ಬರೆದದ್ದನ್ನೇ ನೋಡುವವರು. ಇಷ್ಟು ಜನರ ನಡುವೆ ನೆಟ್ಟಗಿರುವವನು ನಾನೊಬ್ಬನೇ ಎಂದು ಆ ಮಳೆಯಲ್ಲಿ ನನಗೆ ಖಂಡಿತವಾಗಿ ಅನ್ನಿಸಿತ್ತು. ಅವತ್ತೇ ಪ್ರಣವನ ನಕ್ಷೆಯನ್ನು ಇಂಡಿಯಾದ ಕಡೆ ಜರುಗಿಸಿ ನೋಡಿದೆ. ನಮ್ಮ ಸೀಮೆಯಲ್ಲಿ ಒಂದೇ ಹಳದಿ ಚುಕ್ಕಿ. ಒತ್ತಿದರೆ ಅಕ್ಷರ ಮೂಡಿತು. ಕೆಂಗಟ್ಟೆ, ಖಾಲಿ ಜಮೀನು, ಸ್ಥಳೀಯ ತಜ್ಞರು ದೃಢಪಡಿಸಿದ್ದಾರೆ. ತಜ್ಞರು! ನಾಚಿಕೆ ಇಲ್ಲದೆ ಹೇಳುತ್ತೇನೆ, ಆ ಪದ ಓದಿ ಖುಷಿಯಾಯಿತು.

ಸ್ಪೇನ್

ಸ್ಪೇನಿನ ಪಶ್ಚಿಮದ ಬಯಲಿಗೆ ಬಂದಾಗ ಕಣ್ಣುಜ್ಜಿಕೊಂಡೆ. ಕೆಂಪು ಮಣ್ಣು, ಕುರುಚಲು, ಬೋಳು ಬಂಡೆ, ಬಿರು ಆಕಾಶ. ನಮ್ಮ ಕಡೆಯ ಬ್ರಹ್ಮಗಿರಿಯ ಬಂಡೆ ಹತ್ತಿ ನೋಡಿದರೆ ಕಾಣುವುದೂ ಇದೇ. ಹತ್ತು ದಿನದಲ್ಲಿ ಮೊದಲ ಸಲ ನನಗೆ ಯಾರನ್ನೂ ಬೈಯಬೇಕು ಅನ್ನಿಸಲಿಲ್ಲ.

ಅಲ್ಲಿ ಯಾರ್ಡು ಇನ್ನೂ ಕಟ್ಟುತ್ತಿದ್ದರು, ಬೇಲಿ ಮಾತ್ರ ಮುಗಿದಿತ್ತು. ಬೇಲಿಯ ಹೊರಗೆ ಒಂದು ದೊಡ್ಡ ಮಂದೆ. ಕುರಿಗಾರ ನನ್ನ ವಯಸ್ಸಿನವನೇ, ಹೆಸರು ಮಾನ್ವೆಲ್. ನಮ್ಮನ್ನು ನೋಡಲಿಲ್ಲ, ಮೊದಲು ಕಂಬಳಿ ನೋಡಿದ. ಹತ್ತಿರ ಬಂದು ಅಂಚು ತಿಕ್ಕಿದ, ತಿರುವಿದ, ಮೂಗಿಗೆ ಹಿಡಿದ, ತಲೆಯಾಡಿಸಿದ. ಕುರಿಯವನು ಕುರಿಯವನನ್ನು ಕಂಡರೆ ಪಾಸ್‌ಪೋರ್ಟು ಕೇಳುವುದಿಲ್ಲ. ನಾನು ಕಂಬಳಿ ಮಡಿಸಿ ಬಂಡೆಯ ಮೇಲೆ ಹಾಸಿದೆ, ಇಬ್ಬರೂ ಕೂತೆವು. ಪ್ರಣವ್ ಫೋನನ್ನು ನಡುವೆ ಹಿಡಿದ. ಮಾನ್ವೆಲ್ ಆಡಿದ್ದನ್ನೆಲ್ಲ ಫೋನು ಕನ್ನಡದಲ್ಲಿ ಹೇಳುತ್ತಿತ್ತು, ರೇಡಿಯೋ ವಾರ್ತೆ ಓದುವ ಹೆಂಗಸಿನ ದನಿಯಲ್ಲಿ.

"ನಮ್ಮಲ್ಲೂ ಇಂಥದೇ ಯಾರ್ಡು ಬರ್ತೈತೆ. ನಿಮ್ ಕುರಿ ನೀರು ಎಲ್ಲಿ ಕುಡೀತವಪ್ಪಾ?" ಎಂದೆ.

ಮಾನ್ವೆಲ್ ಬೇಲಿಯೊಳಗೆ ಬೆರಳು ಮಾಡಿದ. ಅಲ್ಲೊಂದು ಹೊಂಡ, ಅಂಚಿಗೆ ಹೊಸ ಪ್ಲಾಸ್ಟಿಕ್ ಹಾಸಿತ್ತು. ಫೋನು ಓದಿತು. "ಅದು ನಮ್ಮ ಹೊಂಡವಾಗಿತ್ತು. ಈಗ ಬೆಂಕಿ ಆರಿಸುವ ಸಲುವಾಗಿ ಕಾದಿರಿಸಲಾಗಿದೆ. ನಮಗೆ ಟ್ರಾಕ್ಟರಿನಲ್ಲಿ ನೀರು ತರಲಾಗುತ್ತದೆ. ಕೆಲವು ದಿನ ತರಲಾಗುವುದಿಲ್ಲ."

"ಬೇಲಿ ಹಾಕುವಾಗ ನೀವು ಬಾಯಾಗೆ ಕಡುಬು ಇಟ್ಕಂಡಿದ್ರಾ?"

ಅವನು ದೂರದ ಬೆಟ್ಟಗಳ ಕಡೆ ಕೈ ಬೀಸಿ ಬಹಳ ಹೊತ್ತು ಮಾತಾಡಿದ. ಫೋನು ಸ್ವಲ್ಪದರಲ್ಲೇ ಮುಗಿಸಿತು. "ಬೇಸಿಗೆಯಲ್ಲಿ ನಾವು ಮಂದೆಯೊಂದಿಗೆ ಉತ್ತರದ ಪರ್ವತಗಳಿಗೆ ತೆರಳುತ್ತೇವೆ. ಅದೇ ಸಮಯದಲ್ಲಿ ಅಳತೆಯವರು ಆಗಮಿಸಿದರು. ಜಾಗ ಖಾಲಿ ಇದೆಯೆಂದು ಬರೆದುಕೊಂಡರು. ಅವರಿಗೆ ಹಾಗೆಂದು ತಿಳಿಸಿದವನು ನಮ್ಮ ಊರಿನವನೇ."

ಮಾನ್ವೆಲ್ ನೆಲಕ್ಕೆ ಉಗುಳಿದ. ಅದನ್ನು ಫೋನು ಅನುವಾದಿಸಲಿಲ್ಲ, ಬೇಕಾಗಿಯೂ ಇರಲಿಲ್ಲ. ಆಮೇಲೆ ನನ್ನ ಮೊಣಕಾಲು ತಟ್ಟಿ ಏನೋ ಕೇಳಿದ.

"ನಿಮ್ಮ ಊರಿನಲ್ಲಿ ಜಾಗವನ್ನು ತೋರಿಸಿದವರು ಯಾರು?" ಎಂದಿತು ವಾರ್ತೆಯ ಹೆಂಗಸು.

ಪ್ರಣವನಿಗೆ ಉತ್ತರ ಗೊತ್ತಿತ್ತು. ಜೀಪು ಕಳಿಸಿದ ಕಂಪನಿಯೇ ಅವನದು. ಅವನು ಫೋನು ಹಿಡಿದು ನನ್ನನ್ನೇ ನೋಡಿದ. ಸತ್ಯಣ್ಣ ಕೂಡ ಚಟ್ನಿಪುಡಿಯ ಡಬ್ಬಿ ಮುಚ್ಚಿದರು. ನನ್ನ ಅಡಿಯಲ್ಲಿ ಓಬಕ್ಕನ ಕಂಬಳಿ. ನಾನೇನು ಮಾಡಿದೆ ಎಂದರೆ, ಎದ್ದು ನಿಂತೆ. ಕಂಬಳಿಯಿಂದ ಎರಡು ಹೆಜ್ಜೆ ಆಚೆ ಸರಿದೆ. ಪಂಚೆ ಕೊಡವಿಕೊಂಡೆ. ಆಮೇಲೆ ಹೇಳಿದೆ.

"ಗೊತ್ತಿಲ್ಲ."

ಮಾನ್ವೆಲ್ ನನಗೆ ಒಂದು ತುಂಡು ಕುರಿ ಹಾಲಿನ ಚೀಸು ಕೊಟ್ಟ, ಪಾಪ. ಅದನ್ನು ಜೇಬಿಗೆ ಹಾಕಿಕೊಂಡೆ. ಕಾರಿನಲ್ಲಿ ಪ್ರಣವ್ ಮೆಲ್ಲಗೆ "ನಾನು ಯಾರಿಗೂ ಹೇಳಲ್ಲ ಸರ್" ಎಂದ. ಆ ಮಾತಿಗೆ ನನಗೆ ಬಂದಷ್ಟು ಸಿಟ್ಟು ಅವನ ವರದಿ ನೋಡಿದಾಗಲೂ ಬಂದಿರಲಿಲ್ಲ. ಸಿಟ್ಟು ಅವನ ಮೇಲಲ್ಲ ಎಂದು ತಿಳಿಯಲು ವಿಮಾನ ಹತ್ತುವ ತನಕ ಬೇಕಾಯಿತು. ನೋಡಿ ಬರಿ ಎಂದು ಊರಿಗೆಲ್ಲ ಉಗಿದವನು, ಮಾರ್ಚಿನ ಒಂದು ದಿನ ನೋಡಿ ಇಡೀ ವರ್ಷದ ಕಾಲಂ ತುಂಬಿಬಿಟ್ಟಿದ್ದೆ. ಹಟ್ಟಿಯಲ್ಲಿ ಹುಟ್ಟಿದವನು ನಾನು, ಕುರಿ ಯಾವ ತಿಂಗಳು ಎಲ್ಲಿರುತ್ತವೆ ಎಂದು ಗೊತ್ತಿಲ್ಲದವನೇನಲ್ಲ. ಜೀಪಿನ ಮುಂದಿನ ಸೀಟು ಮೆತ್ತಗಿತ್ತು, ಅಷ್ಟೆ.

ಮತ್ತೆ ಹಟ್ಟಿ

ಬೆಳಗ್ಗೆ ರಾಂಪುರದಲ್ಲಿ ಬಸ್ಸಿಳಿದು ಆಟೋದಲ್ಲಿ ಹಟ್ಟಿಗೆ ಬಂದೆ. ಹದಿನೈದು ದಿನ ಬೀಗ ಬಿದ್ದ ನನ್ನ ಮನೆಯ ಮುಂದೆ ಕಸ ಗುಡಿಸಿತ್ತು, ನೀರು ಚಿಮುಕಿಸಿತ್ತು, ಸಣ್ಣದೊಂದು ರಂಗೋಲಿಯೂ ಇತ್ತು. ಹೆಂಡತಿ ಬಂದಿದ್ದಾಳೇನೋ ಎಂದುಕೊಂಡರೆ ಬೀಗ ಹಾಗೇ ಇತ್ತು. ಯೋಚಿಸುವಷ್ಟು ಪುರುಸೊತ್ತು ಸಿಗಲಿಲ್ಲ. ಜನ ಆಗಲೇ ಬೇವಿನ ಮರದ ಕೆಳಗೆ ಸೇರಿದ್ದರು. ವಾರದಲ್ಲಿ ಗ್ರಾಮಸಭೆ ಇತ್ತು, ಅದರೊಳಗೆ ಹೂಂ ಅಥವಾ ಉಹೂಂ ತೀರ್ಮಾನವಾಗಬೇಕಿತ್ತು.

ಓಬಕ್ಕ ಕಂಬಳಿ ಇಸಿದುಕೊಂಡು ನಾಲ್ಕು ಮಡಿಕೆ ಮಾಡಿ ಹಾಸಿದಳು. "ಕುಂತ್ಕ."

ಕೂತೆ. ಜಲ್ಲಿ ಕಲ್ಲಿನ ವಿಷಯ ಹೇಳಿದೆ, ಸುಳ್ಳು ಫೋಟೋದ ವಿಷಯ ಹೇಳಿದೆ. ಬ್ಯಾಟರಿ ಕೆಟ್ಟದ್ದಲ್ಲ, ಅದು ಬೇಕು, ಆದರೆ ಅದರ ಬೇಲಿಯೊಳಗೆ ಕುರಿಗೆ ಜಾಗವಿಲ್ಲ ಎಂದೆ. ನೀರಿನ ಹೊಂಡ ಬೇಲಿಯೊಳಗೆ ಹೋದ ಕಥೆ ಹೇಳಿದೆ. ಮಾನ್ವೆಲ್ ಬೆಟ್ಟಕ್ಕೆ ಹೋಗಿದ್ದಾಗ ಅಳತೆಯವರು ಬಂದದ್ದು ಹೇಳಿದೆ.

"ಯಾವನೋ ಅವ್ನು, ಖಾಲಿ ಐತೆ ಅಂದೋನು? ಅವ್ನ ಬಾಯಿಗೆ ಮಣ್ಣು ಹಾಕ" ಎಂದಳು ಓಬಕ್ಕ.

ಏಳುವ ಹಾಗಿರಲಿಲ್ಲ. "ಅಲ್ಲಿ ಯಾರೋ ಗೊತ್ತಿಲ್ಲಕ್ಕ. ಇಲ್ಲಿ ನಾನು. ಮಾರ್ಚ್‌ನಾಗೆ ಜೀಪ್ನೋರಿಗೆ ಕೆಂಗಟ್ಟೆ ತೋರ್ಸಿದ್ದು ನಾನೇ. ಖಾಲಿ ಐತೆ, ನರಪಿಳ್ಳೆ ಇಲ್ಲ ಅಂದೋನು ನಾನೇ."

ಬೈದರೆ ಸಾಕು ಎಂದು ಬೇಡಿಕೊಳ್ಳುತ್ತಿದ್ದೆ. ಓಬಕ್ಕ ಬೈಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು.

"ನೀನು ಹದಿನೈದು ದಿನ ಮನೆಗೆ ಬೀಗ ಹಾಕ್ಕಂಡು ಫಾರಿನ್ನಿಗೆ ಹೋಗಿದ್ದೆ ತಿಪ್ಪ. ದಿನಾ ನನ್ ಸೊಸೆ ಬಂದು ನಿನ್ ಬಾಗ್ಲಿಗೆ ನೀರು ಹಾಕ್ತಿದ್ಲು, ಮನೆಯೋರು ಇಲ್ಲ ಅಂತ ಯಾರಿಗೂ ಕಾಣ್ಬಾರ್ದು ಅಂತ. ನಾವೇನು ಖಾಲಿ ಐತೆ ಅಂತ ಬರ್ಸಿದ್ವಾ?"

ಇಷ್ಟು ಹೇಳಿ ಎದ್ದಳು, ಕೋಲು ತೆಗೆದುಕೊಂಡಳು, ಕುರಿ ಹೊಡೆದುಕೊಂಡು ಕೆಂಗಟ್ಟೆಯ ಕಡೆ ನಡೆದಳು. ಜನರೂ ಒಬ್ಬೊಬ್ಬರಾಗಿ ಚದುರಿದರು. ಏಳು ಎಂದು ಯಾರೂ ನನಗೆ ಹೇಳಲಿಲ್ಲ. ಬಿಸಿಲು ಏರುತ್ತಿತ್ತು. ಕಂಬಳಿಯ ಮೇಲಿಂದಲೇ ಕಟ್ಟೆ ಕಾಣುತ್ತಿತ್ತು. ಕುರಿಗಳು ಏರಿಯಿಂದ ಒಂದೇ ಸಮನೆ ಇಳಿದು ನೀರಿಗೆ ಬಾಯಿ ಹಾಕಿದವು. ನಾನು ಲಾಗ್‌ಬುಕ್ಕು ತೆರೆದು, ಗ್ರಾಮಸಭೆಗೆ ಹರಿದು ಕೊಡಬೇಕಾದ ಹಾಳೆಯ ಮೇಲೆ ಬರೆದೆ.

ಕೆಂಗಟ್ಟೆ. ಹುಲ್ಲು: ಐತೆ. ನೀರು: ಐತೆ. ಜನ: ಸಂಕ್ರಾಂತಿ ಕಳೆದ ಮೇಲೆ ಹೋಗುತ್ತಾರೆ, ಮಳೆ ಬಿದ್ದ ಮೇಲೆ ಬರುತ್ತಾರೆ. ಖಾಲಿ ಎಂದು ಹೇಳಿದ್ದವನು ನೋಡದೆ ಹೇಳಿದ್ದ. ಇದು ನೋಡಿ ಬರೆದದ್ದು.